ನಮಗೆ ಮೆಚ್ಚಿನ ಮೂರು ಹಾಡುಗಳು

(ಪುಣೆಯಲ್ಲಿ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು, ಸಂಗೀತಶಾಸ್ತ್ರ ಬಲ್ಲವರಲ್ಲ. ಆದರೆ ಚಿಕ್ಕಂದಿನಿಂದಲೂ ಹಾಡು ಕೇಳುವ ಹುಚ್ಚು ನಮಗುಂಟು. ಅದರ ಬಲದ ಮೇಲೆಯೇ ನಮಗೆ ಮೆಚ್ಚಿನ ಮೂರು ಹಾಡುಗಳನ್ನೂ, ಅವುಗಳ ನೆಪದಿಂದ ಈ ಹೊತ್ತಿನ ಒಂದೆರಡು ಸಂಗತಿಗಳನ್ನೂ ತಮ್ಮ ಮುಂದಿಡುತ್ತೇವೆ.

ಮೊದಲನೆಯದು ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಅದೂ ಪಂಡಿತ ಭೀಮಸೇನ ಜೋಶಿಯವರ ಕಂಠದಲ್ಲಿ. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ನೆಲೆನಿಂತರು. ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ಹೆಸರಿನ ಉತ್ಸವವನ್ನು 1953ರಿಂದ ಇಲ್ಲಿಯೇ ಬೆಳೆಸಿದರು. 2011ರಲ್ಲಿ ಇಲ್ಲಿಯೇ ತೀರಿಕೊಂಡರು. ಅಭಂಗಗಳಿಂದ ಮರಾಠಿಗರಿಗೆ ಮನೆಯವರೇ ಆದರು. ದಾಸರ ಪದಗಳನ್ನು ಮಾತ್ರ ಬಿಡಲಿಲ್ಲ. ಹೊಟ್ಟೆಪಾಡಿಗೆ ಬಂದ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಎರಡನೆಯದು ಮಲ್ಲಿಕಾರ್ಜುನ ಮನಸೂರರು ಹಾಡಿದ ಅಕ್ಕಮಹಾದೇವಿಯ ವಚನ. ಜಯಪುರ-ಅತ್ರೌಲಿ ಘರಾಣೆಯ ಅಪರೂಪದ ರಾಗಗಳಲ್ಲಿ ಪಳಗಿದ ಆ ಕಂಠವು ವಚನಕ್ಕೆ ಬಂದಾಗ ಮಾತನ್ನು ಮರೆಮಾಡುವದಿಲ್ಲ. ಒಂದೊಂದು ಶಬ್ದವೂ ತಿಳಿಯಾಗಿ ಕಿವಿಗೆ ಬೀಳುತ್ತದೆ.

ಮೂರನೆಯದು ಶಿಶುನಾಳ ಶರೀಫರದು. ಕೋಳಿಯು ಕೋಡಗವನ್ನು ನುಂಗಿದ ವಿಚಿತ್ರದ ತತ್ತ್ವಪದ. ಸಿ. ಅಶ್ವತ್ಥರ ಸಂಗೀತದಿಂದ ಅದು ಮನೆಮನೆಗೆ ಮುಟ್ಟಿತು. ಮಕ್ಕಳಿಗೆ ಇದೆಂದರೆ ಬಲು ಇಷ್ಟ. ಆದರೆ ಕೋಡಗವೆಂದರೇನು ಎಂದು ಕೇಳಿರಿ. ಹತ್ತರಲ್ಲಿ ಎಂಟು ಮಕ್ಕಳು ತಾಯಿಯ ಮುಖ ನೋಡುತ್ತಾರೆ. ಮಂಗವೆಂದು ತಿಳಿದೊಡನೆ ಹಾಡಿನ ಸ್ವಾರಸ್ಯವೇ ಬೇರೆಯಾಗುತ್ತದೆ.

ಈಗ ಹೊತ್ತಿನ ಸಂಗತಿಗೆ ಬರೋಣ. ಕುವೆಂಪು ಅವರ ಗೀತೆಯು 2004ರಲ್ಲಿ ಕರ್ನಾಟಕದ ನಾಡಗೀತೆಯಾಯಿತು. ಯಾವ ಧಾಟಿ, ಎಷ್ಟು ಹೊತ್ತು ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷವೆಂದು ಸರಕಾರ ಗೊತ್ತುಮಾಡಿತು. ಒಳ್ಳೆಯದೇ ಆಯಿತು. ಆದರೆ ಹೊರನಾಡಿನ ಮಗುವಿಗೆ ವರ್ಷಕ್ಕೆ ಎರಡೂವರೆ ನಿಮಿಷದ ಕನ್ನಡ ಸಾಕೆ?

ಇನ್ನೊಂದು. 2025ರ ಏಪ್ರಿಲಿನಲ್ಲಿ ಮಹಾರಾಷ್ಟ್ರ ಸರಕಾರವು ಒಂದನೆಯ ಇಯತ್ತೆಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸಬೇಕೆಂದು ಆಜ್ಞೆ ಹೊರಡಿಸಿ, ವಿರೋಧವೆದ್ದಾಗ ಜೂನ್ ತಿಂಗಳಲ್ಲಿ ಹಿಂದಕ್ಕೆ ಪಡೆಯಿತು. ಆ ವಾದದಲ್ಲಿ ಯಾರೇ ಗೆಲ್ಲಲಿ, ನಮ್ಮ ಹೆಚ್ಚಿನ ಮಕ್ಕಳಿಗೆ ಶಾಲೆಯಲ್ಲಿ ಕನ್ನಡದ ತಾಸಿಲ್ಲ. ಅವರ ಕನ್ನಡಕ್ಕೆ ಉಳಿದ ಶಾಲೆ ಮನೆಯೊಂದೇ. ಅಲ್ಲಿಯ ಸುಲಭವಾದ ಪಠ್ಯ ಹಾಡು.

ಇಂದು ವೇದಿಕೆಯ ಮೇಲೆ ಹಾಡಿದ ಕೆಲವು ಮಕ್ಕಳ ಕೈಯಲ್ಲಿ ದಾಸರ ಪದವು ದೇವನಾಗರಿಯಲ್ಲಿ ಬರೆದಿತ್ತು. ಇದು ಮಕ್ಕಳ ಮೇಲಿನ ಆಕ್ಷೇಪಣೆಯಲ್ಲ. ಅವರು ಸೊಗಸಾಗಿಯೇ ಹಾಡಿದರು. ಆದರೆ ಬ್ಯಾಂಕಿನ ಮಾತೊಂದು ಹೇಳುತ್ತೇವೆ. ಎರಡು ವರ್ಷಕ್ಕೂ ಮಿಕ್ಕಿ ಖಾತೆದಾರರು ವ್ಯವಹಾರ ಮಾಡದಿದ್ದರೆ ಅಂಥ ಖಾತೆಯನ್ನು ನಿಷ್ಕ್ರಿಯವೆಂದು ಗುರುತಿಸುತ್ತೇವೆ. ಹಣವೆಲ್ಲಿಯೂ ಹೋಗಿರುವದಿಲ್ಲ, ಬೇಕೆಂದಾಗ ಕೈಗೆ ಬರುವದಿಲ್ಲ, ಅಷ್ಟೆ. ಅಜ್ಜ ಅಜ್ಜಿಯರು ಕೂಡಿಟ್ಟ ಕನ್ನಡಕ್ಕೆ ನಮ್ಮ ಮನೆಗಳಲ್ಲಿ ಆ ಗತಿ ಬರಬಾರದು.

ಆದುದರಿಂದ ನಮ್ಮದೊಂದು ಸೂಚನೆ. ತಿಂಗಳಿಗೊಂದು ಹಾಡನ್ನು ಆರಿಸಿಕೊಳ್ಳೋಣ. ಮಗು ಅದನ್ನು ಕನ್ನಡ ಅಕ್ಷರಗಳಲ್ಲಿ ತನ್ನ ಕೈಯಿಂದಲೇ ಬರೆಯಲಿ. ಅರಿಯದ ಶಬ್ದಗಳನ್ನು ಮನೆಯವರು ಬಿಡಿಸಿ ಹೇಳಲಿ. ಲಕ್ಷ್ಮಿಯ ಪದದಲ್ಲಿ ಮಜ್ಜಿಗೆಯೊಳಗಿನ ಬೆಣ್ಣೆಯ ಹೋಲಿಕೆ ಬರುತ್ತದೆ. ಕಡೆಗೋಲು ಇಲ್ಲದಿದ್ದರೇನು, ಮಿಕ್ಸರಿನಲ್ಲಿಯೇ ಮೊಸರು ಕಡೆದು ಬೆಣ್ಣೆ ತೇಲುವದನ್ನು ತೋರಿಸಬಹುದಲ್ಲ! ಊರಿನಲ್ಲಿರುವ ಅಜ್ಜಿಗೆ ಫೋನು ಮಾಡಿ ಮಗು ಅರ್ಥ ಕೇಳಿದರೆ ಅವರಿಗೂ ಸಂತೋಷ. ವರ್ಷಕ್ಕೆ ಹನ್ನೆರಡು ಹಾಡು. ಐದು ವರ್ಷಕ್ಕೆ ಅರವತ್ತು. ಇದು ಸಣ್ಣ ಗಳಿಕೆಯಲ್ಲ.

ಮುಂದಿನ ರಾಜ್ಯೋತ್ಸವದಲ್ಲಿ ಮಕ್ಕಳು ತಾವೇ ಬರೆದ ಕನ್ನಡ ಹಾಳೆಗಳನ್ನು ಹಿಡಿದು ಈ ವೇದಿಕೆಗೆ ಬರಲೆಂದು ಹಾರೈಸುತ್ತೇವೆ.

ಸಿರಿಗನ್ನಡಂ ಗೆಲ್ಗೆ.