ಮೀಟರ್ ಹೇಳೋದು 42 ಸಾವಿರ, ಸೀಟ್ ಹೇಳೋದು 1 ಲಕ್ಷ

ಬಸ್ಸಲ್ಲೋ ಮೆಟ್ರೋದಲ್ಲೋ ನಿಂತ್ಕೊಂಡು ಕೇಳ್ತಿರೋರಿಗೆ, "ನಮ್ಮತ್ರ ಕಾರೇ ಇಲ್ಲ, ಕಾರಿನ ಸೀಟ್ ಕಥೆ ನಮಗ್ಯಾಕೆ" ಅನ್ನಿಸಬಹುದು. ಮನೇಲಿ ಅಪ್ಪಂದೋ ಮಾವಂದೋ ಒಂದು ಕಾರ್ ಇರುತ್ತಲ್ಲ, ಅದಕ್ಕೋಸ್ಕರ ಕೇಳಿ.

ಹೋದ ತಿಂಗಳು ಶಿವಮೊಗ್ಗದಲ್ಲಿ ನಮ್ಮಪ್ಪನ ಕಾರ್ ನೋಡೋಕೆ ಒಬ್ಬರು ಬಂದಿದ್ರು. 2016ರಲ್ಲಿ ರಿಟೈರ್ ಆದಾಗ ಬಂದ ದುಡ್ಡಲ್ಲಿ ಅಪ್ಪ ತಗೊಂಡ ಸೆಡಾನ್ ಅದು. ಟಾಪ್ ಮಾಡೆಲ್, ತಿಳಿ ಕಂದು ಬಣ್ಣದ ಲೆದರ್ ಸೀಟು. ಈಗ ಅಪ್ಪಂಗೆ ಮಂಡಿ ನೋವು, ಕ್ಲಚ್ ತುಳಿಯೋಕಾಗಲ್ಲ. ಇದನ್ನ ಮಾರಿ ಚಿಕ್ಕದೊಂದು ಆಟೋಮ್ಯಾಟಿಕ್ ತಗೊಳ್ಳೋ ಯೋಚನೆ. ಇಷ್ಟು ವರ್ಷದಲ್ಲಿ ಓಡಿರೋದು ಬರೀ 42 ಸಾವಿರ ಕಿಲೋಮೀಟರ್.

ಬಂದವರು ಬಾನೆಟ್ ಕೂಡ ಎತ್ತಲಿಲ್ಲ. ಡ್ರೈವರ್ ಕಡೆ ಡೋರ್ ತೆಗೆದು, ಸೀಟಿನ ಬಲಗಡೆ ಉಬ್ಬಿದ ಅಂಚಿನ ಮೇಲೆ ಬೆರಳಾಡಿಸಿದ್ರು. ಅಲ್ಲಿ ಬಣ್ಣ ಹೋಗಿ, ಒಣಗಿದ ಕೆರೆ ಥರ ಬಿರುಕು ಬಿಟ್ಟಿತ್ತು. "ಏನ್ ಸಾರ್, ಇದು 1 ಲಕ್ಷ ಓಡಿರೋ ಸೀಟು. ಮೀಟರ್ ಹಿಂದಕ್ಕೆ ತಿರುಗಿಸಿದ್ದೀರಾ?"

ಅಪ್ಪ 30 ವರ್ಷ ಬ್ಯಾಂಕಲ್ಲಿ ಕ್ಯಾಷ್ ಕೌಂಟರ್‌ನಲ್ಲಿ ಕೂತವರು. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಬಂದ್ರೆ ರಾತ್ರಿ ಊಟ ಸೇರ್ತಿರಲಿಲ್ಲ. ಅವರು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಸರ್ವಿಸ್ ಬಿಲ್‌ಗಳ ಫೈಲ್ ತಂದು ಕೈಗಿಟ್ರು. ಆ ಮನುಷ್ಯ ತಿರುವಿ ನೋಡಿ, ಆದ್ರೂ 40 ಸಾವಿರ ಕಮ್ಮಿ ಕೇಳಿದ್ರು. ವ್ಯಾಪಾರ ಆಗಲಿಲ್ಲ.

ನನಗೆ ನೋವಾಗಿದ್ದು 40 ಸಾವಿರಕ್ಕಲ್ಲ. ಆ ಸೀಟ್ ಹಾಳು ಮಾಡಿದ್ದು ನಾನು.

2020ರಲ್ಲಿ ಕೊರೊನಾ ಟೈಮಲ್ಲಿ ಮನೇಲಿದ್ದೆ. ಅಪ್ಪ ತರಕಾರಿ ತಂದ ಮೇಲೆ ಪ್ರತಿ ಸಲ ಸ್ಟೀರಿಂಗು, ಸೀಟು ಎಲ್ಲಾ ಸ್ಯಾನಿಟೈಸರ್ ಹಾಕಿ ಒರೆಸ್ತಿದ್ದೆ. ಸೀಟ್ ಯಾಕೋ ಬಿಳಿಚಿಕೊಳ್ತಿದೆ ಅನ್ನಿಸಿ, ಚರ್ಮ ಅಲ್ವಾ, ಒಣಗಿರಬೇಕು ಅಂತ ಕೊಬ್ಬರಿ ಎಣ್ಣೆ ಹಚ್ಚಿದೆ! ಫಳಫಳ ಹೊಳೀತು. ಮಾರನೇ ದಿನ ಅಪ್ಪ ಬಿಳಿ ಪಂಚೆ ಉಟ್ಕೊಂಡು ಹೋದವರು ವಾಪಸ್ ಬಂದಾಗ ಪಂಚೆ ಹಿಂದೆ ದೊಡ್ಡ ಎಣ್ಣೆ ಕಲೆ. ಅಮ್ಮ ಬೈದಿದ್ದು ಇನ್ನೂ ನೆನಪಿದೆ.

ಈಗ ಕಾರನ್ನ ನಾನೇ ಬೆಂಗಳೂರಿಗೆ ತಂದು, ಜೆ.ಸಿ. ರೋಡ್ ಹತ್ರ ಸೀಟ್ ಕುಶನ್ ಕೆಲಸ ಮಾಡೋ ಹಿರಿಯರೊಬ್ಬರಿಗೆ ತೋರಿಸ್ದೆ. ಅವರು ಬಿಳಿ ಬಟ್ಟೆ ಒದ್ದೆ ಮಾಡಿ ಸೀಟ್ ಮೇಲೆ ಒಂದ್ಸಲ ಎಳೆದ್ರು. ಬಟ್ಟೆ ಕಪ್ಪಾಯ್ತು. "ಸಾರ್, ನಿಮ್ಮ ಸೀಟ್ ಒಣಗಿಲ್ಲ, ಕೊಳೆಯಾಗಿದೆ" ಅಂದ್ರು.

ವಿಷಯ ಇರೋದು ಇಲ್ಲೇ. ಈಗಿನ ಕಾರುಗಳಲ್ಲಿ ಹೆಚ್ಚಿನ ಲೆದರ್ ಸೀಟಿಗೆ ಚರ್ಮದ ಮೇಲೆ ಬಣ್ಣ, ಬಣ್ಣದ ಮೇಲೆ ಪಾಲಿಯುರೆಥೇನ್ ಅನ್ನೋ ತೆಳು ಪ್ಲಾಸ್ಟಿಕ್ ಪದರ ಇರುತ್ತೆ. ಫೋನಿಗೆ ಸ್ಕ್ರೀನ್ ಗಾರ್ಡ್ ಇದ್ದ ಹಾಗೆ. ನೀವು ಮುಟ್ಟೋದು ಚರ್ಮನಲ್ಲ, ಆ ಪದರನ. ಅದಕ್ಕೆ ಎಣ್ಣೆ ಒಳಗೆ ಹೋಗಲ್ಲ. ಮೇಲೇ ಕೂತು ಧೂಳು ಹಿಡ್ಕೊಳ್ಳುತ್ತೆ. ಅದಕ್ಕೆ ಬೆವರು, ಮೈ ಎಣ್ಣೆ, ಸನ್‌ಸ್ಕ್ರೀನ್ ಸೇರುತ್ತೆ. ಆಮೇಲೆ ಮಂಡಿ ನೋವಿನ ಮನುಷ್ಯ ದಿನಾ ಆ ಅಂಚಿನ ಮೇಲೆ ಜಾರಿಕೊಂಡೇ ಹತ್ತಿ ಇಳಿದ್ರೆ, ಆ ಧೂಳು ಉಪ್ಪುಕಾಗದದ ಥರ ಉಜ್ಜುತ್ತೆ. ನನ್ನ ಸ್ಯಾನಿಟೈಸರಿನ ಆಲ್ಕೋಹಾಲ್ ಪದರವನ್ನ ಮೊದಲೇ ದುರ್ಬಲ ಮಾಡಿತ್ತು. ಮಿಕ್ಕಿದ್ದನ್ನ ಎಣ್ಣೆ ಮುಗಿಸ್ತು. ಜೀನ್ಸ್ ಹಾಕೋರು ಇನ್ನೊಂದು ನೆನಪಿಟ್ಕೊಳ್ಳಿ, ಹೊಸ ಜೀನ್ಸಿನ ನೀಲಿ ಬಣ್ಣ ತಿಳಿ ಬಣ್ಣದ ಸೀಟಿಗೆ ಇಳಿಯುತ್ತೆ. ಹಳೇದಾದ್ರೆ ಹೋಗೋದು ಕಷ್ಟ.

ಹಾಗಾದ್ರೆ ಮಾಡೋದೇನು? ಮೊದಲು ವ್ಯಾಕ್ಯೂಮ್, ಹೊಲಿಗೆ ಸಂದಿಯಲ್ಲಿರೋ ಮರಳು ಹೋಗಬೇಕು. ಆಮೇಲೆ ಲೆದರ್ ಕ್ಲೀನರ್‌ನ ಬ್ರಷ್ ಮೇಲೆ ಹಾಕ್ಕೊಳ್ಳಿ, ನೇರವಾಗಿ ಸೀಟ್ ಮೇಲೆ ಸುರೀಬೇಡಿ. ಸೀಟಲ್ಲಿ ಸಣ್ಣ ತೂತುಗಳಿದ್ರಂತೂ ಬೇಡವೇ ಬೇಡ, ಒಳಗೆ ಇಳಿಯುತ್ತೆ. ಮೆತ್ತನೆ ಬ್ರಷ್ಷಲ್ಲಿ, ಹಲ್ಲುಜ್ಜೋ ಅಷ್ಟೇ ಒತ್ತಡದಲ್ಲಿ ಉಜ್ಜಿ, ನೊರೆ ಕಪ್ಪಾಗ್ತಿದ್ದ ಹಾಗೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿಬಿಡಿ. ನೆರಳಲ್ಲಿ ಒಣಗಲಿ. ಪಾತ್ರೆ ತೊಳೆಯೋ ಸೋಪು, ವಿನೆಗರ್, ಆ ಬಿಳಿ ಮ್ಯಾಜಿಕ್ ಸ್ಪಂಜು ಯಾವುದೂ ಬೇಡ. ಸ್ಪಂಜು ಕೊಳೆ ಜೊತೆ ಪದರನೂ ಕೆರೆಯುತ್ತೆ.

ಕಂಡೀಷನರ್ ಕೊನೇಲಿ, ಬಟ್ಟೆಗೆ ಸ್ವಲ್ಪವೇ ಹಾಕ್ಕೊಂಡು ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಲ್ಲಿ ತೆಗೀರಿ. ಸೀಟ್ ಜಿಡ್ಡಾಗಿ ಹೊಳೀತಿದೆ ಅಂದ್ರೆ ಜಾಸ್ತಿ ಹಾಕಿದ್ದೀರಿ ಅಂತ ಅರ್ಥ. ವರ್ಷಕ್ಕೆ ಎರಡು ಮೂರು ಸಲ ಸಾಕು. ಕ್ಲೀನ್ ಮಾಡೋದು ಮಾತ್ರ ಮೂರು ತಿಂಗಳಿಗೊಮ್ಮೆ, ಡ್ರೈವರ್ ಸೀಟಿನ ಆ ಅಂಚನ್ನ ಇನ್ನೂ ಬೇಗ ಬೇಗ. ಬಿಸಿಲಲ್ಲಿ ನಿಲ್ಲಿಸೋದಾದ್ರೆ ಗಾಜಿಗೆ ಸನ್‌ಶೇಡ್ ಇಡಿ. ಬಿ.ಕಾಂನಲ್ಲಿ ನಮಗೆ ಡಿಪ್ರಿಸಿಯೇಷನ್ ಲೆಕ್ಕ ಮಾಡಿಸ್ತಾರೆ, ಸೀಟ್ ಒರೆಸಿ ಅಂತ ಯಾರೂ ಹೇಳ್ಕೊಡಲ್ಲ.

ಇನ್ನೊಂದು, ಎಷ್ಟೋ ಕಾರುಗಳಲ್ಲಿ ಲೆದರ್ ಅನ್ನೋದು ನಿಜವಾಗಿ ಲೆದರೆಟ್, ನಮ್ಮ ಮನೆಗಳಲ್ಲಿ ಹೇಳೋ ರೆಕ್ಸಿನ್. ನಿಜವಾದ ಲೆದರ್ ಇದ್ರೂ ಸೀಟಿನ ಬೆನ್ನಿಗೆ, ಪಕ್ಕಕ್ಕೆ ರೆಕ್ಸಿನ್ನೇ ಹಾಕಿರೋದುಂಟು. ಅದಕ್ಕೆ ದುಬಾರಿ ಲೆದರ್ ಕಂಡೀಷನರ್ ದಂಡ. ಒರೆಸಿ ಕ್ಲೀನಾಗಿಟ್ರೆ ಆಯ್ತು.

ಬಿರುಕು ಬಿಟ್ಟ ಮೇಲೆ ಯಾವ ಕ್ರೀಮೂ ಅದನ್ನ ಮುಚ್ಚಲ್ಲ. ಜೆ.ಸಿ. ರೋಡಿನ ಹಿರಿಯರು ಆ ಅಂಚಿಗೆ ಫಿಲ್ಲರ್ ತುಂಬಿ, ಬಣ್ಣ ಹೊಂದಿಸಿ ಕೊಟ್ರು, 3,500 ರೂಪಾಯಿ. ಮಿಕ್ಕಿದ್ದನ್ನ ಒಂದು ಭಾನುವಾರ ನಾನೇ ತೊಳೆದೆ. ಮೂರು ಬಟ್ಟೆ ಕಪ್ಪಾದ ಮೇಲೆ 2016ರ ಬಣ್ಣ ಕಾಣಿಸ್ತು.

ಊರಿಗೆ ತಗೊಂಡು ಹೋದಾಗ ಅಪ್ಪ ಕೂರೋ ಮುಂಚೆ ಸೀಟ್ ಮುಟ್ಟಿ ನೋಡಿದ್ರು. "ಮತ್ತೆ ಎಣ್ಣೆ ಹಚ್ಚಿಲ್ಲ ತಾನೇ?"

ಇಲ್ಲಪ್ಪ ಅಂದೆ. ಬಣ್ಣ ಮಾಡಿಸಿದ ಬಿಲ್ ಕೇಳಿ ಇಸ್ಕೊಂಡ್ರು. "ತಗೊಳ್ಳೋರಿಗೆ ಇದನ್ನೂ ತೋರಿಸ್ಬೇಕಲ್ಲೋ" ಅಂತ ಸರ್ವಿಸ್ ಫೈಲಿಗೆ ಪಂಚ್ ಹೊಡೆದು ಸೇರಿಸಿದ್ರು.

ಈ ಭಾನುವಾರ ಇನ್ನೊಬ್ಬರು ಕಾರ್ ನೋಡೋಕೆ ಬರ್ತಿದ್ದಾರೆ. ಏನಾಯ್ತು ಅಂತ ಮುಂದಿನ ಎಪಿಸೋಡಲ್ಲಿ ಹೇಳ್ತೀನಿ. ಸಿಗೋಣ.