ಸಮುದ್ರಕ್ಕೂ ಒಂದು ಟೈಮ್ ಟೇಬಲ್ ಇದೆ ಸ್ವಾಮಿ!

ಇವತ್ತು ರಾಜಕೀಯ ಬೇಡ. ಇವತ್ತು ನೀರಿನ ಬಗ್ಗೆ ಮಾತಾಡೋಣ. ಕಾವೇರಿ ನೀರಲ್ಲ, ಮಹದಾಯಿ ನೀರಲ್ಲ. ಯಾರೂ ಜಗಳಕ್ಕೆ ಬರದಿರೋ ಉಪ್ಪು ನೀರಿನ ಬಗ್ಗೆ.

ಟೂರ್ ಸೀಸನ್ ಶುರುವಾಗಿದೆ. ಬೆಂಗಳೂರಿನಿಂದ, ತುಮಕೂರಿನಿಂದ, ದಾವಣಗೆರೆಯಿಂದ, ಕಲಬುರಗಿಯಿಂದ ಬಸ್ಸುಗಳು ಕರಾವಳಿ ಕಡೆ ಹೊರಟಿವೆ. ಒಂದು ಟೂರ್ ಪ್ಲ್ಯಾನ್ ಕೈಗೆತ್ತಿಕೊಳ್ಳಿ. ಅದರಲ್ಲಿ ಏನೇನಿದೆ? ಬಸ್ ಹೊರಡೋ ಸಮಯ ಇದೆ. ದೇವಸ್ಥಾನದ ಬಾಗಿಲು ತೆರೆಯೋ ಸಮಯ, ಮಂಗಳಾರತಿ ಸಮಯ, ಊಟದ ಸಮಯ ಎಲ್ಲ ಇದೆ. ಕೊನೆಯಲ್ಲಿ ಒಂದು ಸಾಲು: 'ಸಂಜೆ ಬೀಚ್.' ಅಷ್ಟೇ. ದೇವರಿಗೂ ಟೈಮ್ ಬರೀತೀವಿ, ಇಡ್ಲಿಗೂ ಟೈಮ್ ಬರೀತೀವಿ, ಸಮುದ್ರಕ್ಕೆ ಮಾತ್ರ ಟೈಮ್ ಬರೆಯಲ್ಲ. ಅದೇನು 24 ಗಂಟೆ ಒಂದೇ ಥರ ಬಿದ್ದಿರುತ್ತೆ ಅಂದುಕೊಂಡಿದ್ದೀವಾ?

ನಾನೂ ಹಾಗೇ ಅಂದುಕೊಂಡಿದ್ದವನು. ಎಂಜಿನಿಯರಿಂಗ್ ಕೊನೆಯ ವರ್ಷ. ಜನವರಿ ತಿಂಗಳು, ಹುಣ್ಣಿಮೆ. ಬೆಳದಿಂಗಳಲ್ಲಿ ಸಮುದ್ರ ನೋಡಬೇಕು ಅಂತಲೇ ಐದು ಜನ ಗೋಕರ್ಣಕ್ಕೆ ಹೋದ್ವಿ. ಸೂರ್ಯ ಮುಳುಗೋ ಹೊತ್ತಿಗೆ ಕುಡ್ಲೆ ಬೀಚ್. ಎಷ್ಟು ಅಗಲದ ಮರಳು ಅಂತೀರಾ! ಕ್ರಿಕೆಟ್ ಆಡಬಹುದಿತ್ತು. ಬಂಡೆಯ ಬುಡದಲ್ಲಿ ಬ್ಯಾಗು, ಶೂ ಎಲ್ಲ ಇಟ್ಟು ದೂರ ಕೂತು ಹರಟೆ. ರಾತ್ರಿ ಹತ್ತರ ಸುಮಾರಿಗೆ ಎದ್ದು ಬಂದು ನೋಡಿದ್ರೆ ಬಂಡೆ ಇದೆ, ಬುಡ ಇಲ್ಲ! ಎರಡು ಬ್ಯಾಗು ತೇಲ್ತಾ ಇವೆ, ಮೂರು ಶೂ ನಾಪತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪಾಸಾದ ಐದು ಜನ ಬರಿಗಾಲಲ್ಲಿ ರೂಮಿಗೆ ನಡೆದ್ವಿ. ಆವತ್ತು ನಗು ಬಂತು. ಈಗ ನೆನೆಸಿಕೊಂಡ್ರೆ ನಗು ಬರಲ್ಲ. ಬ್ಯಾಗಿನ ಪಕ್ಕ ಒಬ್ಬ ಮಲಗಿದ್ದಿದ್ರೆ?

ನಮಗೆ ಆಗಿದ್ದೇನು? ಇದರಲ್ಲಿ ರಹಸ್ಯ ಏನೂ ಇಲ್ಲ. ಚಂದ್ರ ನೀರನ್ನು ಎಳೀತಾನೆ, ಸೂರ್ಯನೂ ಎಳೀತಾನೆ. ಸೂರ್ಯ ದೂರ ಇರೋದರಿಂದ ಅವನ ಪಾಲು ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗೆ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಎಳೆಯೋದರಿಂದ ಉಬ್ಬರವೂ ಜೋರು, ಇಳಿತವೂ ಜೋರು. ಅಷ್ಟಮಿ ಆಸುಪಾಸು ಒಬ್ಬ ಈ ಕಡೆ, ಇನ್ನೊಬ್ಬ ಆ ಕಡೆ, ಸಮ್ಮಿಶ್ರ ಸರ್ಕಾರದ ಥರ. ಏರಿಳಿತ ಕಡಿಮೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಹಾಗಾಗಿ ಹೋದ ವಾರ ಹೋಗಿಬಂದ ಸ್ನೇಹಿತ 'ಸಂಜೆ ಐದಕ್ಕೆ ಸೂಪರ್ ಮಗಾ' ಅಂದಿದ್ರೆ, ಈ ವಾರ ಅದೇ ಐದು ಗಂಟೆಗೆ ಅಲ್ಲಿ ಉಲ್ಟಾ ಪರಿಸ್ಥಿತಿ ಇರುತ್ತೆ.

ಸುಮಾರು ಲೆಕ್ಕ ಒಂದು ಹೇಳ್ತೀನಿ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನಮ್ಮಲ್ಲಿ ಉಬ್ಬರ ಬರೋದು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು, ಮತ್ತೆ ಮಧ್ಯರಾತ್ರಿಗೆ ಸ್ವಲ್ಪ ಮೊದಲು. ಸಂಜೆ ಐದರ ಸುಮಾರಿಗೆ ಇಳಿತ. ಅಷ್ಟಮಿಗೆ ಸರಿಯಾಗಿ ತಿರುಗಾಮುರುಗಾ: ಸಂಜೆ ಉಬ್ಬರ. ಅಂದ್ರೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರೇ ಅರ್ಧ ಕೆಲಸ ಮಾಡುತ್ತೆ. ಮೀನುಗಾರರು ತಿಥಿ ನೋಡಿ ಹೇಳೋದು ಇದಕ್ಕೇ.

'ಎಷ್ಟು ಏರುತ್ತೆ ಸಾರ್, ಒಂದೂವರೆ ಮೀಟರ್ ತಾನೇ?' ಅಂತ ಕೇಳಬಹುದು. ನಿಜ. ಗುಜರಾತಿನ ಭಾವನಗರದ ಕಡೆ ಹತ್ತು ಮೀಟರ್ ದಾಟುತ್ತೆ, ಅದರ ಮುಂದೆ ನಮ್ಮದು ಸಣ್ಣದು. ಆದರೆ ಇಲ್ಲಿ ಒಂದು ಹೈಸ್ಕೂಲ್ ಲೆಕ್ಕ ಮಾಡಿ. ಮರಳು ಮೂವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು ಇದೆ ಅಂದುಕೊಳ್ಳಿ. ನೀರು ಒಂದೂವರೆ ಮೀಟರ್ ಮೇಲೆ ಬಂದರೆ, ದಡದ ಕಡೆ 45 ಮೀಟರ್ ಒಳಗೆ ಬರುತ್ತೆ. ಅದೂ ಸಮನಾಗಿ ಬರಲ್ಲ. ಮೊದಲ ಗಂಟೆ ನಿಧಾನ, ಕೊನೆಯ ಗಂಟೆ ನಿಧಾನ, ನಡುವಿನ ಎರಡೇ ಗಂಟೆಯಲ್ಲಿ ಅರ್ಧದಷ್ಟು ನೀರು ಏರಿಬಿಡುತ್ತೆ. ಮೊದಲ ಗಂಟೆ ನೋಡಿ 'ಏನೂ ಆಗಲ್ಲ ಬಿಡಿ' ಅಂತ ಕೂತವರು ಮೂರನೇ ಗಂಟೆಯಲ್ಲಿ ಬಂಡೆ ಮೇಲೆ ಸಿಕ್ಕಿಹಾಕಿಕೊಳ್ಳೋದು ಹೀಗೆ. ಸೆಲ್ಫಿಗೆ ಅಂತ ಬಂಡೆ ಹತ್ತುವಾಗ ಒಣಗಿದ್ದ ದಾರಿ, ಇಳಿಯುವಾಗ ಇರಲ್ಲ.

ಹಾಗಾದರೆ ಇಳಿತದಲ್ಲಿ ಹೋದರೆ ಸೇಫಾ? ಇಲ್ಲೇ ನಾವು ಮೋಸ ಹೋಗೋದು. ಚಿಪ್ಪು ಆರಿಸೋಕೆ, ಮರಳಲ್ಲಿ ಮನೆ ಕಟ್ಟೋಕೆ, ನಡೆಯೋಕೆ ಇಳಿತವೇ ಚೆಂದ. ನೀರಿಗೆ ಇಳಿಯೋ ಮಾತು ಬೇರೆ. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗೋಕೆ ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತೆ. ಈ ಸೆಳೆತ ಸಾಮಾನ್ಯವಾಗಿ ನೀರು ಇಳಿಯೋ ಹೊತ್ತಲ್ಲೇ ಹೆಚ್ಚು. ಅಳಿವೆ ಬಾಗಿಲಲ್ಲಂತೂ, ಅಂದ್ರೆ ನದಿ ಸಮುದ್ರ ಸೇರೋ ಜಾಗದಲ್ಲಿ, ನದಿಯ ನೀರೂ ಇಳಿತದ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತೆ. ಎಂಥ ಈಜುಗಾರನೂ ಅದರ ಎದುರು ಈಜಲಾರ. ಇನ್ನೂ ಕೆಟ್ಟದ್ದು ಏನು ಗೊತ್ತಾ? ಆ ಸೆಳೆತದ ಜಾಗದಲ್ಲಿ ಅಲೆ ಒಡೆಯಲ್ಲ. ನೋಡೋಕೆ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತೆ. ಈಜು ಬಾರದವರು 'ಇಲ್ಲಿ ಅಲೆ ಕಡಿಮೆ ಇದೆ' ಅಂತ ಅಲ್ಲೇ ಇಳೀತಾರೆ. ಸಿಕ್ಕಿಕೊಂಡರೆ ದಡದ ಕಡೆ ಒದ್ದಾಡಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಇದನ್ನು ಎಷ್ಟು ಶಾಲೆಯಲ್ಲಿ ಹೇಳಿಕೊಡ್ತೀವಿ?

2024ರ ಡಿಸೆಂಬರ್ 10, ಮುರ್ಡೇಶ್ವರ. ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಸಮುದ್ರದ ಪಾಲಾದ್ರು. ಕೆರೆಯ ಸೀಮೆಯಿಂದ ಬಂದ ಮಕ್ಕಳು. ನಾವೆಲ್ಲ ಚಾನೆಲ್‌ನವರು ದಿನವಿಡೀ ತೋರಿಸಿದ್ವಿ. ಶಿಕ್ಷಕರ ಮೇಲೆ ಕ್ರಮ ಆಯ್ತು, ಪರಿಹಾರ ಘೋಷಣೆ ಆಯ್ತು, ಬೀಚ್ ಮುಚ್ಚಿದ್ರು. ಆಮೇಲೆ ಪಂಚಾಂಗ ತೆಗೆದು ನೋಡಿದೆ. ಅಂದು ಹುಣ್ಣಿಮೆ ಅಲ್ಲ, ಅಮಾವಾಸ್ಯೆ ಅಲ್ಲ. ಮಾರ್ಗಶಿರ ಶುದ್ಧ ದಶಮಿ. ದೊಡ್ಡ ಉಬ್ಬರದ ದಿನವೇ ಅಲ್ಲ! ಅದಕ್ಕೇ ಹೇಳ್ತೀನಿ, ಕ್ಯಾಲೆಂಡರ್ ನೋಡಿದ್ರೆ ಅರ್ಧ ಕೆಲಸ ಮಾತ್ರ ಆಯ್ತು. ಉಳಿದರ್ಧ ದಡದಲ್ಲಿ ನಿಂತವರನ್ನು ಕೇಳೋದು.

ನಮ್ಮ ವ್ಯವಸ್ಥೆ ಏನು ಮಾಡುತ್ತೆ? ಬೋರ್ಡ್ ಹಾಕುತ್ತೆ. 'ಅಪಾಯ, ನೀರಿಗೆ ಇಳಿಯಬೇಡಿ.' ಬೆಳಿಗ್ಗೆ ಆರಕ್ಕೂ ಅದೇ ಬೋರ್ಡ್, ಸಂಜೆ ಆರಕ್ಕೂ ಅದೇ ಬೋರ್ಡ್. ಸಮುದ್ರ ಆರು ಗಂಟೆಗೊಮ್ಮೆ ಬದಲಾಗುತ್ತೆ, ಬೋರ್ಡ್ ಆರು ವರ್ಷ ಆದ್ರೂ ಬದಲಾಗಲ್ಲ. ಯಾವಾಗಲೂ ಅಪಾಯ ಅನ್ನೋ ಬೋರ್ಡನ್ನ ಯಾರು ಓದ್ತಾರೆ ಹೇಳಿ? ನಾನು ಕೇಳ್ತಿರೋದು ಕೋಟಿ ರೂಪಾಯಿ ಯೋಜನೆ ಅಲ್ಲ. ಒಂದು ಕರಿಹಲಗೆ, ಒಂದು ಸೀಮೆಸುಣ್ಣ. 'ಇಂದು ಉಬ್ಬರ ಇಷ್ಟು ಗಂಟೆಗೆ, ಇಳಿತ ಇಷ್ಟು ಗಂಟೆಗೆ, ಈ ಬದಿ ಸೆಳೆತ ಇದೆ' ಅಂತ ದಿನಾ ಬೆಳಿಗ್ಗೆ ಬರೆಯೋಕೆ ಏನು ಕಷ್ಟ? ಸರ್ವೇ ಆಫ್ ಇಂಡಿಯಾ ಇಡೀ ವರ್ಷದ ಉಬ್ಬರವಿಳಿತದ ಪಟ್ಟಿ ಮೊದಲೇ ಪ್ರಿಂಟ್ ಮಾಡುತ್ತೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆ ಪುಕ್ಕಟೆ ಕೊಡುತ್ತೆ. ಮಾಹಿತಿ ಇದೆ ಸ್ವಾಮಿ, ದಡಕ್ಕೆ ಬಂದಿಲ್ಲ ಅಷ್ಟೇ. ಶಾಲಾ ಪ್ರವಾಸಕ್ಕೆ ಅನುಮತಿ ಕೊಡೋ ಅರ್ಜಿಯಲ್ಲೂ ಒಂದು ಕಾಲಂ ಸೇರಿಸಿ: ಬೀಚ್‌ಗೆ ಹೋಗೋ ದಿನ, ಆ ದಿನದ ಉಬ್ಬರದ ಸಮಯ. ಅದನ್ನು ತುಂಬೋಕಾದರೂ ಮೇಷ್ಟ್ರು ಒಮ್ಮೆ ನೋಡ್ತಾರೆ.

ಕಳೆದ ಬಾರಿ ಅಮ್ಮನನ್ನು ಮಲ್ಪೆಗೆ ಕರ್ಕೊಂಡು ಹೋಗಿದ್ದೆ. ಅಷ್ಟಮಿ ಮರುದಿನ. ಹೋಗೋ ಮೊದಲು ಮೊಬೈಲ್‌ನಲ್ಲಿ ನೋಡಿಕೊಂಡಿದ್ದೆ, ಮಧ್ಯಾಹ್ನ ಇಳಿತ, ಸಂಜೆಗೆ ಏರ್ತಾ ಬರುತ್ತೆ ಅಂತ. ನಾಲ್ಕು ಗಂಟೆಗೆ ಅಮ್ಮ ಪಾದ ಮುಳುಗುವಷ್ಟು ನೀರಲ್ಲಿ ನಿಂತಿದ್ರು. 'ಇನ್ನೂ ಸ್ವಲ್ಪ ಹೊತ್ತು ಇರೋಣ ಕಣೋ' ಅಂದ್ರು. ನಾನು ಮೊಬೈಲ್ ತೆಗೆದು ಸಮಯ ವಿವರಿಸೋಕೆ ಹೊರಟೆ. ಅಷ್ಟರಲ್ಲಿ ಪಕ್ಕದಲ್ಲಿ ಚರುಮುರಿ ಮಾರ್ತಿದ್ದವರು, ಸಮುದ್ರದ ಕಡೆ ಒಂದು ಸಲ ನೋಡಿ, ಮೇಜು, ಕೊಡೆ, ಡಬ್ಬ ಎಲ್ಲ ಎತ್ತಿ ಇಪ್ಪತ್ತು ಹೆಜ್ಜೆ ಹಿಂದೆ ಇಟ್ಟುಕೊಂಡ್ರು. ಗಡಿಯಾರ ನೋಡಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಅಮ್ಮ ಅವರನ್ನು ನೋಡಿದ್ರು, ನನ್ನನ್ನು ನೋಡಿದ್ರು, ಸೀರೆ ನೆರಿಗೆ ಹಿಂಡಿಕೊಂಡು ಮೇಲೆ ಬಂದ್ರು.