ಶಿರಾಳಕೊಪ್ಪದ ಹುಡುಗ ಕೇಳಿದ ಲೆಕ್ಕ

ಇವತ್ತು ಯಾವ ಪಕ್ಷದ ಜಗಳವೂ ಬೇಡ. ಕೂತು ಒಂದು ಲೆಕ್ಕ ಮಾಡೋಣ.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಶಿರಾಳಕೊಪ್ಪ ಸಿಗುತ್ತೆ. ಅಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಲ್ಲಿ ಟೀ ಕುಡೀತಾ ಕೂತಿದ್ದೆ. ಒಬ್ಬ ಹುಡುಗ ಬಂದು ಮಾತಾಡಿಸಿದ. ಡಿಗ್ರಿ ಮುಗಿಸಿದ್ದಾನೆ, ಎರಡು ಎಕರೆ ಅಡಿಕೆ ತೋಟ ಇದೆ, ಊರ ಕೆರೆಯ ಹೂಳು ತೆಗೆಸೋಕೆ ಅಂತ ಮೂರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದಿದ್ದಾನೆ. "ಸಾರ್, ನನ್ನಂಥವನು ಎಂಎಲ್ಎ ಎಲೆಕ್ಷನ್‌ಗೆ ನಿಲ್ಲಬೇಕು ಅಂದ್ರೆ ಎಷ್ಟು ಬೇಕು?" ಅಂದ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಟೇಬಲ್‌ನಲ್ಲಿದ್ದ ಹಿರಿಯರೊಬ್ಬರು ಉತ್ತರ ಕೊಟ್ಟರು. "ಮೊದ್ಲು ತೋಟ ಮಾರು ಮಾರಾಯ. ಮೊದಲನೇ ವಾರಕ್ಕೆ ಸಾಕಾಗ್ತದೆ." ಹೋಟೆಲ್ ತುಂಬಾ ನಗು. ಹುಡುಗನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ.

ಯಾಕೆ ಅಂದ್ರೆ, ಆ ಮಾತು ಕೇಳಿಸಿದ ಜಾಗ ಅಂಥದ್ದು. ಒಂದು ಕಡೆ ಸೊರಬ, ಒಂದು ಕಡೆ ಶಿಕಾರಿಪುರ. ಎರಡೂ ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟ ತಾಲ್ಲೂಕುಗಳು. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ ಸಮಾಜವಾದಿ ರಾಜಕಾರಣದಿಂದ ಬೆಳೆದು 1967ರಲ್ಲಿ ವಿಧಾನಸಭೆಗೆ ಬಂದರು, 1990ರಲ್ಲಿ ಮುಖ್ಯಮಂತ್ರಿಯಾದರು. ಬಿ.ಎಸ್. ಯಡಿಯೂರಪ್ಪ ಮಂಡ್ಯ ಜಿಲ್ಲೆಯ ಬೂಕನಕೆರೆಯಿಂದ ಶಿಕಾರಿಪುರಕ್ಕೆ ಬಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದವರು. ಪುರಸಭೆಯಿಂದ ಶುರು ಮಾಡಿ 1983ರಲ್ಲಿ ಶಾಸಕರಾದರು, ಮುಂದೆ ಮುಖ್ಯಮಂತ್ರಿಯೂ ಆದರು. ಪಕ್ಕದ ಸಾಗರದ ಕಡೆ ಇನ್ನೂ ಹಿಂದಕ್ಕೆ ಹೋಗಿ. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಕೈಯಲ್ಲಿ ಕಾಸಿಲ್ಲದೆ ನಿಂತು ಗೆದ್ದರು. ಓಟಿನ ಜೊತೆಗೆ ಒಂದು ನೋಟನ್ನೂ ಜನರೇ ಕೊಟ್ಟರು ಅಂತ ಮಲೆನಾಡಿನ ಹಿರಿಯರು ಈಗಲೂ ಹೇಳ್ತಾರೆ. ಅಂದ್ರೆ ಅಭ್ಯರ್ಥಿ ಮತದಾರನಿಗೆ ಕೊಡೋದಲ್ಲ, ಮತದಾರ ಅಭ್ಯರ್ಥಿಗೆ ಕೊಟ್ಟ ಕಾಲ ಅದು.

2023ಕ್ಕೆ ಬನ್ನಿ. ಶಿಕಾರಿಪುರದಲ್ಲಿ ಗೆದ್ದವರು ಯಡಿಯೂರಪ್ಪನವರ ಮಗ ವಿಜಯೇಂದ್ರ. ಸೊರಬದಲ್ಲಿ ಬಂಗಾರಪ್ಪನವರ ಮಕ್ಕಳಾದ ಮಧು ಮತ್ತು ಕುಮಾರ್ ಇಬ್ಬರೂ ಎದುರುಬದುರು ನಿಂತು, ಮಧು ಗೆದ್ದರು. ಇದರಲ್ಲಿ ತಪ್ಪು ಹುಡುಕ್ತಾ ಇಲ್ಲ. ಮತದಾರರೇ ಗೆಲ್ಲಿಸಿದ್ದಾರೆ, ಅವರ ಹಕ್ಕು ಅದು. ನನ್ನ ಪ್ರಶ್ನೆ ಬೇರೆ. ಅಕ್ಕಿ ಗಿರಣಿಯ ಗುಮಾಸ್ತ ಬಂದ ಬಾಗಿಲಿನಿಂದ ಇವತ್ತು ಇನ್ನೊಬ್ಬ ಗುಮಾಸ್ತ ಒಳಗೆ ಬರಬಹುದಾ?

ಕಾನೂನು ಬರಬಹುದು ಅನ್ನುತ್ತೆ. 25 ವರ್ಷ ಆಗಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, 10,000 ರೂಪಾಯಿ ಠೇವಣಿ ಕಟ್ಟಬೇಕು. ಅಷ್ಟೇ. ಖರ್ಚಿಗೂ ಮಿತಿ ಇದೆ. 2022ರ ಜನವರಿಯಲ್ಲಿ ಅದನ್ನು 40 ಲಕ್ಷಕ್ಕೆ ಏರಿಸಿದರು. ಈ ಕ್ಷೇತ್ರಗಳಲ್ಲಿ ಹೆಚ್ಚುಕಡಿಮೆ ಎರಡು ಲಕ್ಷ ಮತದಾರರು ಅಂತ ಇಟ್ಟುಕೊಳ್ಳಿ. ತಲೆಗೆ 20 ರೂಪಾಯಿ. ಎರಡು ಟೀ ಆದರೆ ಖಾಲಿ.

ಈಗ ವಾಸ್ತವದ ಲೆಕ್ಕ. ಯಾರಿಗೂ ಒಂದು ಪೈಸೆ ಹಂಚಬೇಡಿ, ಒಂದು ಬಾಟಲಿ ಕೊಡಬೇಡಿ. ಬರೀ ಹುಡುಗರ ಲೆಕ್ಕ ಹಾಕಿ. ಇನ್ನೂರು ಬೂತ್ ಹಿಡಿಯಿರಿ, ಬೂತ್‌ಗೆ ಹತ್ತು ಹುಡುಗರು, ಹದಿನೈದು ದಿನ. ಊಟ, ಟೀ, ಬೈಕಿಗೆ ಪೆಟ್ರೋಲ್ ಸೇರಿ ಒಬ್ಬೊಬ್ಬನಿಗೆ ದಿನಕ್ಕೆ 300 ರೂಪಾಯಿ. ಗುಣಿಸಿ ನೋಡಿ. 90 ಲಕ್ಷ! ಮಿತಿಯ ಎರಡು ಪಟ್ಟಿಗಿಂತ ಹೆಚ್ಚು, ಬರೀ ಊಟ ಮತ್ತು ಪೆಟ್ರೋಲ್‌ಗೆ. ಒಂದು ಕಾಲದಲ್ಲಿ ಈ ಹುಡುಗರಿಗೆ ಹಸಿವೆಯೇ ಇರಲಿಲ್ಲವಾ? ಇತ್ತು. ಆದರೆ ಅವರು ಸಮಾಜವಾದಿ ಯುವಜನ ಸಭೆಯಿಂದಲೋ, ರೈತ ಸಂಘದಿಂದಲೋ, ಸಂಘದ ಶಾಖೆಯಿಂದಲೋ ಬರ್ತಾ ಇದ್ದರು. ಮನೆಯ ರೊಟ್ಟಿ ಕಟ್ಟಿಕೊಂಡು, ಸೈಕಲ್ ತುಳಿದು ಬರ್ತಾ ಇದ್ದರು. ಸಂಘಟನೆ ಒಣಗಿದ ಕಡೆ ಕಾರ್ಯಕರ್ತ ಕೂಲಿ ಆಗ್ತಾನೆ. ನಂಬಿಕೆಗೆ ಬಂದವನಿಗೆ ದಿನಗೂಲಿ ಬೇಡ, ಕೆಲಸಕ್ಕೆ ಬಂದವನಿಗೆ ಬೇಕೇ ಬೇಕು.

ಇನ್ನೊಂದು ಕಾರಣ ಮಲೆನಾಡಿನವರಿಗೆ ಹೇಳಿದರೆ ಥಟ್ಟನೆ ಗೊತ್ತಾಗುತ್ತೆ. ಅಡಿಕೆ ಮಂಡಿಯ ಟೆಂಡರ್ ನೆನಪು ಮಾಡಿಕೊಳ್ಳಿ. ನಾಲ್ಕು ಜನ ವ್ಯಾಪಾರಿಗಳು ರೇಟ್ ಬರೀತಾರೆ. ಜಾಸ್ತಿ ಬರೆದವನಿಗೆ ಮಾಲು. ಉಳಿದ ಮೂವರು ದುಡ್ಡು ಜೇಬಲ್ಲೇ ಇಟ್ಟುಕೊಂಡು ಮನೆಗೆ ಹೋಗ್ತಾರೆ. ಚುನಾವಣೆಯ ಟೆಂಡರ್ ಹಾಗಲ್ಲ. ಇಲ್ಲಿ ಸೋತವನ ದುಡ್ಡೂ ಹೋಗುತ್ತೆ. ಹಾಗಾಗಿ ಮಧ್ಯದಲ್ಲಿ ನಿಲ್ಲಿಸೋಕೆ ಯಾರಿಗೂ ಧೈರ್ಯ ಇಲ್ಲ. "ಇಷ್ಟು ಹಾಕಿದ್ದೀವಿ, ಇನ್ನೊಂದಿಷ್ಟು ಹಾಕಿಬಿಡೋಣ." ಎದುರಿನವನು 500 ಕೊಟ್ಟ ಅಂತ ಸುದ್ದಿ ಬಂದರೆ ಇವನು ಸಾವಿರ ತೆಗೀತಾನೆ. ಇಬ್ಬರೂ ಸಾವಿರ ಕೊಟ್ಟರೆ ಯಾರಿಗೂ ಲಾಭ ಇಲ್ಲ, ತಕ್ಕಡಿ ಮತ್ತೆ ಸಮ. ಆದರೆ ಒಬ್ಬ ಮೊದಲು ನಿಲ್ಲಿಸಿದರೆ ಸೋಲ್ತಾನೆ ಅನ್ನೋ ಭಯ. ಎಷ್ಟೋ ಕಡೆ ಈ ದುಡ್ಡು ಓಟು ಕೊಂಡುಕೊಳ್ಳೋಕಲ್ಲ, ಹೋಗೋ ಓಟು ತಡೆಯೋಕೆ.

2023ರ ಚುನಾವಣೆಯಲ್ಲಿ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಚಿನ್ನ, ಉಡುಗೊರೆ ಎಲ್ಲಾ ಸೇರಿ 375 ಕೋಟಿಗೂ ಹೆಚ್ಚು ಅಂತ ಚುನಾವಣಾ ಆಯೋಗವೇ ಹೇಳಿತು. 2018ರಲ್ಲಿ ಅದು ಸುಮಾರು 83 ಕೋಟಿ. ಇದು ಸಿಕ್ಕಿಬಿದ್ದದ್ದು. ಸಿಗದೇ ಹೋದದ್ದು ಎಷ್ಟಿರಬಹುದು ಅನ್ನೋದನ್ನ ನಿಮ್ಮ ಊಹೆಗೇ ಬಿಡ್ತೀನಿ.

ಹಾಗಾದರೆ 40 ಲಕ್ಷದ ಮಿತಿ ಏನಾಯಿತು? ಅದು ಜಾಳಾದ ಬಲೆ. ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ ಮಾತ್ರ ಲೆಕ್ಕ. ಅದಕ್ಕೂ ಮೊದಲು ವರ್ಷಗಟ್ಟಲೆ ನಡೆಯುವ ಖರ್ಚು ಲೆಕ್ಕಕ್ಕೇ ಇಲ್ಲ. ಜಾತ್ರೆಗೆ ದೇಣಿಗೆ, ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬಕ್ಕೆ ಬಹುಮಾನ, ಕಬಡ್ಡಿ ಟೂರ್ನಿಗೆ ಜೆರ್ಸಿ, ಮದುವೆಗೆ ಮುಯ್ಯಿ, ಸಾವಿನ ಮನೆಗೆ ಕೈಸಹಾಯ. ಸುಮ್ಮನೆ ಕೊಟ್ಟಂತೆ ಕಾಣುತ್ತೆ, ಮುಂದಿನ ಚುನಾವಣೆಯ ಅಡ್ವಾನ್ಸ್ ಅದು.

ಎರಡನೇ ತೂತು ಇನ್ನೂ ದೊಡ್ಡದು. ಅಭ್ಯರ್ಥಿಗೆ ಮಿತಿ ಇದೆ, ಪಕ್ಷಕ್ಕೆ ಮಿತಿಯೇ ಇಲ್ಲ! 1974ರ ಅಕ್ಟೋಬರ್‌ನಲ್ಲಿ ದೆಹಲಿಯ ಒಂದು ಲೋಕಸಭಾ ಕ್ಷೇತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು, ಅಭ್ಯರ್ಥಿಗೆ ಗೊತ್ತಿದ್ದು ಪಕ್ಷ ಅವನಿಗಾಗಿ ಮಾಡುವ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕು ಅಂತ. ಅದೇ ತಿಂಗಳು ಸರ್ಕಾರ ಸುಗ್ರೀವಾಜ್ಞೆ ತಂದು ಆ ತೀರ್ಪನ್ನೇ ಮಗುಚಿಹಾಕಿತು. 2003ರಲ್ಲಿ ಒಂದಷ್ಟು ಬಿಗಿ ಮಾಡಿದರೂ ಸ್ಟಾರ್ ಪ್ರಚಾರಕರ ಹೆಲಿಕಾಪ್ಟರ್ ಖರ್ಚು ಇವತ್ತಿಗೂ ಅಭ್ಯರ್ಥಿಯ ಲೆಕ್ಕದಿಂದ ಹೊರಗೆ. ಆ ಪಕ್ಷಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಕೇಳೋ ಹಾಗೂ ಇರಲಿಲ್ಲ. ಚುನಾವಣಾ ಬಾಂಡ್ ಅಂತ ಮುಚ್ಚಿದ ಲಕೋಟೆ ಬಂತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ ಮೇಲೆಯೇ ಯಾರು ಯಾರಿಗೆ ಎಷ್ಟು ಕೊಟ್ಟರು ಅಂತ ನಮಗೆ ಗೊತ್ತಾಗಿದ್ದು.

ಈ ಪಾಪದಲ್ಲಿ ನಮ್ಮ ಪಾಲಿಲ್ಲವಾ? ಇದೆ. ಚುನಾವಣೆ ಘೋಷಣೆ ಆದರೆ ಮಾಧ್ಯಮಗಳ ಜಾಹೀರಾತು ವಿಭಾಗದವರ ಮುಖ ಅರಳುತ್ತೆ. ಯಾರ ರೋಡ್ ಶೋ ದೊಡ್ಡದೋ ಅವರನ್ನೇ ತೋರಿಸ್ತೀವಿ. ಸೈಕಲ್ ಮೇಲೆ ಹೋಗಿ ಓಟು ಕೇಳಿದವನನ್ನು ಕೊನೆಗೆ ಒಂದು ನಿಮಿಷ ತಮಾಷೆಯ ಸುದ್ದಿ ಮಾಡ್ತೀವಿ. ಇದನ್ನು ಈ ಕುರ್ಚಿಯಲ್ಲಿ ಕೂತೇ ಒಪ್ಪಿಕೊಳ್ತೀನಿ.

ಇನ್ನು ಮತದಾರ. ನೋಟು ತಗೊಂಡ, ಮಾರಿಕೊಂಡ ಅಂತ ಅವನನ್ನು ಬೈಯೋದು ಸುಲಭ. ಆದರೆ ಶಿಕಾರಿಪುರದ ಒಬ್ಬ ಕೂಲಿ ಹೆಂಗಸು ನನಗೆ ಹೇಳಿದ ಮಾತು ಕೇಳಿ. "ಐದು ವರ್ಷದಾಗೆ ನಮ್ಮ ಕೈಗೆ ನೇರ ಬರೋದು ಅದೊಂದೇ ಅಲ್ವಾ ಸಾರ್." ಅವಳಿಗೆ ಸರ್ಕಾರದ ಮೇಲೆ ನಂಬಿಕೆ ಇದ್ದಿದ್ದರೆ ಆ ಮಾತು ಬರ್ತಿರಲಿಲ್ಲ. ತಗೊಂಡವರೆಲ್ಲ ಕೊಟ್ಟವನಿಗೇ ಓಟು ಹಾಕ್ತಾರೆ ಅಂತಾನೂ ಇಲ್ಲ. ಅದು ಕೊಟ್ಟವನಿಗೂ ಗೊತ್ತು.

ಆದರೂ ಬೆಲೆ ಕಟ್ಟೋರು ಯಾರು? ಹಾಕಿದ ದುಡ್ಡು ಎಲ್ಲಿಂದಲೋ ವಾಪಸ್ ಬರಬೇಕಲ್ಲ. ಮೊದಲ ಮಳೆಗೆ ಕಿತ್ತುಹೋಗುವ ಡಾಂಬರಿನಲ್ಲಿ ಬರುತ್ತೆ, ವರ್ಗಾವಣೆಯ ಕಾಗದದಲ್ಲಿ ಬರುತ್ತೆ. ಕಾಮಗಾರಿಯಲ್ಲಿ 40 ಪರ್ಸೆಂಟ್ ಕಮಿಷನ್ ಕೇಳ್ತಾರೆ ಅಂತ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದಿದ್ದು ನೆನಪಿರಬೇಕು. ಅದು ಆರೋಪ, ಇರಲಿ. ಆದರೆ ಎಡಿಆರ್ ಸಂಸ್ಥೆ ಅಫಿಡವಿಟ್‌ಗಳನ್ನು ನೋಡಿ ಹೇಳಿದ್ದು ಲೆಕ್ಕ. 2023ರಲ್ಲಿ ಗೆದ್ದ ನಮ್ಮ ಶಾಸಕರಲ್ಲಿ ನೂರಕ್ಕೆ 97 ಮಂದಿ ಕೋಟ್ಯಧಿಪತಿಗಳು. ಎರಡು ಎಕರೆಯವರು, ಕೂಲಿಯವರು, ಗುಮಾಸ್ತರು ತುಂಬಿರುವ ರಾಜ್ಯದ ಪ್ರತಿನಿಧಿಗಳು ಇವರು.

ಇದು ಬದಲಾಗದ ಹಣೆಬರಹ ಅಂತ ಅಂದುಕೊಳ್ಳಬೇಡಿ. 19ನೇ ಶತಮಾನದ ಬ್ರಿಟನ್‌ನಲ್ಲಿ ಮತದಾರರಿಗೆ ಬಹಿರಂಗವಾಗಿ ಕುಡಿಸುತ್ತಿದ್ದರು, ದುಡ್ಡು ಹಂಚುತ್ತಿದ್ದರು. 1883ರಲ್ಲಿ ಅಲ್ಲಿ ಗಟ್ಟಿ ಕಾನೂನು ಮಾಡಿ ಕ್ಷೇತ್ರದ ಖರ್ಚಿಗೆ ಮಿತಿ ಹಾಕಿದರು, ಮೀರಿದವರ ಗೆಲುವು ಹೋಗುವ ಹಾಗೆ ಮಾಡಿದರು. ಖರ್ಚು ಇಳಿಯಿತು. ನಮ್ಮಲ್ಲೂ ಇಂದ್ರಜಿತ್ ಗುಪ್ತಾ ಸಮಿತಿ 1998ರಲ್ಲೇ ಒಂದು ದಾರಿ ಹೇಳಿತ್ತು. ನಗದು ಬೇಡ, ಅಭ್ಯರ್ಥಿಗೆ ಬೇಕಾದ ಕೆಲವು ಸೌಲಭ್ಯಗಳನ್ನು ಸರ್ಕಾರವೇ ಒದಗಿಸಲಿ ಅಂತ. ವರದಿ ಕಪಾಟಿನಲ್ಲಿದೆ. ಪಕ್ಷದ ಖರ್ಚಿಗೂ ಮಿತಿ ಬರಲಿ, ಆ ಟೆಂಡರ್ ತಾನಾಗಿಯೇ ಅರ್ಧ ತಣ್ಣಗಾಗುತ್ತೆ. ಇಬ್ಬರ ಕೈಯನ್ನೂ ಒಟ್ಟಿಗೇ ಕಟ್ಟಬೇಕು. ಒಬ್ಬನಿಗೆ ಮಾತ್ರ ಪ್ರಾಮಾಣಿಕನಾಗು ಅಂದ್ರೆ ಅವನು ಠೇವಣಿ ಕಳಕೊಂಡು ಮನೆಗೆ ಹೋಗ್ತಾನೆ.

ಆ ಹುಡುಗನ ಪ್ರಶ್ನೆಗೆ ನಾನು ಅವತ್ತು ಉತ್ತರ ಕೊಡಲಿಲ್ಲ. ಟೀ ದುಡ್ಡು ಕೊಡೋಕೆ ಹೋದೆ, ಅವನೇ ಕೊಟ್ಟುಬಿಟ್ಟಿದ್ದ. "ಎಂಎಲ್ಎ ಬೇಡ ಬಿಡಿ ಸಾರ್, ಗ್ರಾಮ ಪಂಚಾಯ್ತಿಗೆ ನೋಡ್ತೀನಿ" ಅಂದ. ನಾಳೆ ನಿಮ್ಮೂರಲ್ಲೂ ಅಂಥವನೊಬ್ಬ ನಾಮಪತ್ರ ಹಾಕಬಹುದು. ಗೆಲ್ಲಲ್ಲ ಬಿಡು ಅಂತ ನಗುವ ಮೊದಲು ಹತ್ತು ರೂಪಾಯಿ ಅವನ ಕೈಗಿಡಿ. ನಮ್ಮ ದುಡ್ಡಲ್ಲಿ ನಿಂತವನು ನಾಳೆ ಲೆಕ್ಕ ಕೊಡಬೇಕಾದ್ದು ನಮಗೇ.

ಯೋಚನೆ ಮಾಡಿ.